ಸಿಗ್ನಲ್ ಇಲ್ಲೇ ಗಟ್ಟಿ

ಪುಟ್ಟಮಾದಪ್ಪ ಕರೆಂಟಿನ ರುಚಿ ನೋಡುತ್ತಿದ್ದರು. ಹೀಗೆಂದರೆ ನೀವು ನಂಬಲಿಕ್ಕಿಲ್ಲ, ಕಣ್ಣಾರೆ ಕಾಣುವವರೆಗೆ ನಾನೂ ನಂಬಿರಲಿಲ್ಲ. ಟೀವಿ ಬಾಕ್ಸಿನಿಂದ ಡಿಶ್ಶಿಗೆ ಹೋಗುವ ಕೇಬಲ್ಲಿನ ತುದಿಯನ್ನು ಹಲ್ಲಿನಲ್ಲೇ ಸುಲಿಯುತ್ತಿದ್ದರು. ಒಳಗಿನ ತಾಮ್ರದ ತಂತಿ, ಅದರ ಸುತ್ತಲಿನ ಜಾಲರಿ, ಎರಡನ್ನೂ ಒಟ್ಟಿಗೆ ನಾಲಿಗೆಗೆ ತಾಗಿಸಿ ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದರು. ಆಮೇಲೆ, ಸಾರಿಗೆ ಉಪ್ಪು ಸಾಕೋ ಬೇಕೋ ಎಂದು ಹೇಳುವ ಅಡುಗೆಯವರ ಗಾಂಭೀರ್ಯದಲ್ಲಿ, "ಅದ್ಮೂರು. ಉಳಿ ಅದೆ" ಎನ್ನುತ್ತಿದ್ದರು. ಇಲ್ಲವಾದರೆ, "ಅದ್ನೆಂಟು. ಖಾರ!" ಹದಿಮೂರು ವೋಲ್ಟು ಹುಳಿ, ಹದಿನೆಂಟು ಖಾರ. ಜೇಬಿನಲ್ಲಿ ಮೀಟರ್ ಇರುತ್ತಿತ್ತು. ಯಾಕೆ ಸ್ವಾಮಿ ಅದನ್ನು ಬಳಸಬಾರದು ಎಂದು ಕೇಳಿದರೆ, "ಮೀಟ್ರಿಗೆ ಸೆಲ್ ಆಕ್ಬೇಕು, ನಾಲ್ಗೆಗೆ ಏನಾಕ್ಬೇಕು?" ಎಂಬ ಉತ್ತರ ಬರುತ್ತಿತ್ತು. ಓದುತ್ತಿರುವವರು ದಯವಿಟ್ಟು ಇದನ್ನು ಮನೆಯಲ್ಲಿ ಪ್ರಯೋಗ ಮಾಡಬೇಡಿ. ನಾನು ಒಮ್ಮೆ ಮಾಡಿದ್ದೇನೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಅವರ ಊರು ನರಸೀಪುರ. ಬಸ್ ಸ್ಟ್ಯಾಂಡಿನ ಹತ್ತಿರ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವರು. ರೇಡಿಯೋ ಹೋಗಿ ಟೀವಿ ಬಂದಾಗ ಆಂಟೆನಾ ಕಟ್ಟಿದರು, ಆಂಟೆನಾ ಹೋಗಿ ಡಿಶ್ ಬಂದಾಗ ಡಿಶ್ ಕಟ್ಟಲು ತಾರಸಿ ಹತ್ತಿದರು. ಕುಳ್ಳಗಿನ ಆಳು, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕಿವಿಯ ಸಂದಿಯಲ್ಲಿ ಬೀಡಿಯ ಬದಲು ಒಂದು ಸ್ಕ್ರೂಡ್ರೈವರ್. ಎಂಟಡಿಯ ಡಿಶ್ಶನ್ನು ಎಸಳೆಸಳಾಗಿ ಬಿಚ್ಚಿ ಮೊಪೆಡ್ಡಿಗೆ ಕಟ್ಟಿಕೊಂಡು ಸುತ್ತೂರಿನ ಮೇಲೆ ನಂಜನಗೂಡಿಗೆ ಬರುತ್ತಿದ್ದರು. ಹಿಂದಿನಿಂದ ನೋಡಿದವರಿಗೆ ಮನುಷ್ಯ ಕಾಣುತ್ತಿರಲಿಲ್ಲ, ದೊಡ್ಡ ಜರಡಿಯೊಂದು ತಾನೇ ತಾನಾಗಿ ರಸ್ತೆಯಲ್ಲಿ ಹೋಗುತ್ತಿದ್ದ ಹಾಗೆ ಕಾಣುತ್ತಿತ್ತು. ಜೊತೆಗೆ ಏಣಿ ಹಿಡಿಯಲು ಅವರ ತಮ್ಮ ನಂಜಯ್ಯ ಬಸ್ಸಿನಲ್ಲಿ ಬರುತ್ತಿದ್ದರು.

ಡಿಶ್ ಕಟ್ಟುವವರು ಆಗ ಬೇಕಾದಷ್ಟು ಜನ ಇದ್ದರು. ಆದರೆ ಒಂದೇ ಡಿಶ್ಶಿನಿಂದ ಒಂದೇ ಕೇಬಲ್ ಇಳಿಸಿ, ನಾಲ್ಕೈದು ಮನೆಗಳ ಬಾಕ್ಸಿಗೆ ಹಂಚುವ ಕೆಲಸಕ್ಕೆ ಮಾದಪ್ಪನವರೇ ಆಗಬೇಕಿತ್ತು. "ಆಕಾಸದಿಂದ ಬರೋದು ಪುಕ್ಸಟ್ಟೆ ಕಣ್ರವ್ವ. ಅದ ಅಂಚ್ಕೊಳೋವಾಗ್ಲೇ ನಮ್ ಜನ ಕಿತ್ತಾಡೋದು" ಎನ್ನುತ್ತಿದ್ದರು. ಅವರದೊಂದು ಪದ್ಧತಿ ಇತ್ತು. ಬೇರೆಯವರು ಬಂದ ಕೂಡಲೇ ತಾರಸಿ ಹತ್ತಿ ಆಕಾಶ ನೋಡಿದರೆ, ಇವರು ಮೊದಲು ಪ್ರತಿ ಮನೆಯೊಳಗೂ ಹೋಗಿ ಕೂತು, ನೀರು ಕೇಳಿ ಕುಡಿದು, ಸುತ್ತ ಕಣ್ಣಾಡಿಸಿ ಬರುತ್ತಿದ್ದರು. "ಮೊದ್ಲು ಮನೆ ನೋಡ್ಬೇಕು, ಆಮ್ಯಾಕೆ ಆಕಾಸ." ಈ ಮಾತಿನ ಅರ್ಥ ನನಗೆ ಏಳು ವರ್ಷ ಆಗಲಿಲ್ಲ. ದಡ್ಡಿ ಎಂದರೆ ನಾನೇ.

ನನ್ನನ್ನು ಆಗ ಬೀದಿಯವರು ಟೆಲಿಫೋನ್ ಸುಶೀಲಮ್ಮ ಎನ್ನುತ್ತಿದ್ದರು. ನಂಜನಗೂಡಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತು ವರ್ಷ ಆಪರೇಟರ್ ಆಗಿ ಕೂತವಳು. ರೈಲ್ವೆ ಗೇಟಿನ ಆಚೆ, ಕಾರ್ಖಾನೆಗಳ ಕಡೆ ಹೋಗುವ ದಾರಿಯಲ್ಲಿ, ಒಂದೇ ತಾರಸಿಯ ಕೆಳಗೆ ಸಾಲಾಗಿ ನಾಲ್ಕು ಬಾಡಿಗೆ ಮನೆ. ಕೊನೆಯದು ನಮ್ಮದು. ಮಕ್ಕಳಿರಲಿಲ್ಲ, ನಾವಿಬ್ಬರೇ. ಒಂದು ಮಧ್ಯಾಹ್ನ ಊಟಕ್ಕೆ ಕೂತ ಯಜಮಾನರು ಎದೆ ಹಿಡಿದುಕೊಂಡರು, ಮತ್ತೆ ಏಳಲಿಲ್ಲ. ಆಗ ನನಗೆ ನಲವತ್ತಮೂರು.

ತಿಥಿಗಳೆಲ್ಲ ಮುಗಿದು ನೆಂಟರು ಊರು ಸೇರಿದ ಮೇಲೆ ನಾನು ಬಾಗಿಲು ಹಾಕಿಕೊಂಡೆ. ರಜೆಯ ಮೇಲೆ ರಜೆ ಬರೆದೆ. ಅಕ್ಕಪಕ್ಕದವರು ಒಳ್ಳೆಯವರೇ, ಆದರೆ ಬಂದು ಏನು ಮಾತಾಡುವುದೆಂದು ಅವರಿಗೂ ಗೊತ್ತಿರಲಿಲ್ಲ. ಬಂದವರನ್ನು ನಾನೂ ಕೂರಿಸಿಕೊಳ್ಳುತ್ತಿರಲಿಲ್ಲ. ಹೆಮ್ಮರಗಾಲದಲ್ಲಿ ನಮ್ಮಣ್ಣನ ಮನೆಯಿತ್ತು. ಕೆಲಸಕ್ಕೆ ರಾಜೀನಾಮೆ ಕೊಟ್ಟು ಅಲ್ಲಿಗೆ ಹೋಗಿ, ಅತ್ತಿಗೆ ಹಾಕಿದ್ದು ಉಂಡುಕೊಂಡು, ಒಂದು ಮೂಲೆಯಲ್ಲಿ ಕೂತು ಮುಗಿಸಿಬಿಡೋಣ ಎಂದು ತೀರ್ಮಾನಿಸಿದ್ದೆ. ರಾಜೀನಾಮೆ ಪತ್ರ ಬರೆದು, ಸಹಿ ಮಾಡಿ, ಬಟ್ಟೆ ಹೊದಿಸಿದ್ದ ಟೀವಿಯ ಕೆಳಗೆ ಇಟ್ಟಿದ್ದೆ. ಅಂಚೆಗೆ ಹಾಕುವುದಷ್ಟೇ ಬಾಕಿ.

ಅಷ್ಟರಲ್ಲಿ ಉಳಿದ ಮೂರು ಮನೆಯವರು ಡಿಶ್ ಹಾಕಿಸಲು ಹೊರಟರು. ಊರೊಳಗಿನ ಕೇಬಲ್ಲಿನವರು ನಾಲ್ಕು ಮನೆಗೋಸ್ಕರ ಗೇಟು ದಾಟಿ ವೈರು ಎಳೆಯಲು ಒಪ್ಪಿರಲಿಲ್ಲ. ಮನೆ ಮಾಲೀಕರೋ ಮಹಾ ಜಿಗುಟು. ತಾರಸಿಯ ಮೇಲೆ ಒಂದೇ ಡಿಶ್, ಗೋಡೆಗೆ ಒಂದೇ ತೂತು ಎಂದು ಮೈಸೂರಿನಿಂದಲೇ ಫರ್ಮಾನು ಹೊರಡಿಸಿದ್ದರು. ಸರಿ, ಒಂದೇ ಕೇಬಲ್ಲಿನ ಮಾದಪ್ಪನವರಿಗೆ ಕರೆ ಹೋಯಿತು.

ಅವರು ನನ್ನ ಬಾಗಿಲನ್ನೂ ತಟ್ಟಿದರು. ಅರ್ಧ ತೆರೆದು, "ನಮಗೆ ಬೇಡ" ಎಂದೆ.

"ಬ್ಯಾಡ ಅಂದ್ರೆ ಬ್ಯಾಡ ಬುಡಿ. ಒಂದ್ ಲೋಟ ನೀರ್ ಕೊಡಿ ಅಮ್ಮಾವ್ರೇ."

ನೀರು ಬೇಡ ಎನ್ನಲಾಗುತ್ತದೆಯೇ? ತಂದೆ. ಅಷ್ಟರಲ್ಲಿ ಅವರು ಒಳಗೆ ಬಂದು ಕೂತಾಗಿತ್ತು. ಗೋಡೆಯ ಕ್ಯಾಲೆಂಡರ್ ಐದು ತಿಂಗಳಿಂದ ಅದೇ ಪುಟದಲ್ಲಿ ನಿಂತಿತ್ತು, ಅದನ್ನು ನೋಡಿದರು. ಯಜಮಾನರ ಫೋಟೋ ನೋಡಿದರು. ಬಾಗಿಲ ಬಳಿ ಯಜಮಾನರ ಚಪ್ಪಲಿ ಇನ್ನೂ ಬಿಟ್ಟಲ್ಲೇ ಇತ್ತು, ಅದನ್ನೂ ನೋಡಿದರು. ನೀರು ಕುಡಿದು ಲೋಟ ಕೆಳಗಿಟ್ಟು, ಎದ್ದು ತಾರಸಿಗೆ ಹೋದರು.

ಸಂಜೆ ಹೊತ್ತಿಗೆ ಮತ್ತೆ ನನ್ನ ಬಾಗಿಲಲ್ಲೇ ಪ್ರತ್ಯಕ್ಷ. ಕೈಯಲ್ಲಿ ಒಂದು ಬಾಕ್ಸು, ಹಿಂದೆ ಮೂರೂ ಮನೆಯವರು. ಮೊದಲ ಮನೆಯ ರತ್ನಮ್ಮ, ಬಾಳೆಹಣ್ಣಿನ ಮಂಡಿಯ ಬಸವಣ್ಣ, ಹೊಸದಾಗಿ ಮದುವೆಯಾಗಿ ಬಂದಿದ್ದ ಮೂರನೇ ಮನೆಯ ಜೋಡಿ. ನನ್ನನ್ನು ಕೇಳದೆಯೇ ಟೀವಿಯ ಮೇಲಿನ ಬಟ್ಟೆ ತೆಗೆದು, ಬಾಕ್ಸು ಜೋಡಿಸಿ, ಕೇಬಲ್ಲಿನ ತುದಿ ಸುಲಿದು ನಾಲಿಗೆಗೆ ತಾಗಿಸಿದರು. ಕಣ್ಣು ಮುಚ್ಚಿದರು. ನಾವೆಲ್ಲ ಅವರ ಬಾಯನ್ನೇ ನೋಡುತ್ತಾ ನಿಂತೆವು.

"ಸಿಗ್ನಲ್ ಇಲ್ಲೇ ಗಟ್ಟಿ. ಮೇನ್ ಬಾಕ್ಸ್ ಇಲ್ಲೇ ಇರ್ಬೇಕು."

"ನಮ್ಮ ಮನೇಲಿ ಇಟ್ರೆ ಆಗಲ್ವಾ?" ಎಂದಳು ರತ್ನಮ್ಮ, ನನ್ನ ಮುಖ ನೋಡಿ ಹೆದರಿ.

"ಆಗಾಕಿಲ್ಲ ಕಣವ್ವ. ನಾಲ್ಗೆ ಸುಳ್ ಏಳ್ತದಾ?"

ಮೇನ್ ಬಾಕ್ಸ್ ಎಂದರೆ ಏನು ಎಂಬುದನ್ನು ಆಮೇಲೆ ಎಲ್ಲರನ್ನೂ ನನ್ನ ಮನೆಯಲ್ಲೇ ಕೂರಿಸಿಕೊಂಡು ವಿವರಿಸಿದರು. ಆಕಾಶದಿಂದ ಬರುವ ಚಾನೆಲ್ಲುಗಳಲ್ಲಿ ಎರಡು ಜಾತಿ. "ಕೆಲವು ನಿಂತ್ಕಂಡ್ ಬತ್ತವೆ, ಕೆಲವು ಮಲಿಕ್ಕಂಡ್ ಬತ್ತವೆ." ಬಾಕ್ಸು ಹದಿಮೂರು ವೋಲ್ಟು ಕಳಿಸಿದರೆ ಡಿಶ್ಶಿನ ಕಣ್ಣು ನಿಂತವುಗಳನ್ನು ಹಿಡಿಯುತ್ತದೆ, ಹದಿನೆಂಟು ಕಳಿಸಿದರೆ ಮಲಗಿದವುಗಳನ್ನು. ಎರಡನ್ನೂ ಒಟ್ಟಿಗೆ ಹಿಡಿಯಲು ಒಂದು ಕೇಬಲ್ಲಿಗೆ ಆಗುವುದಿಲ್ಲ. ನಾಲ್ಕು ಬಾಕ್ಸೂ ಅಪ್ಪಣೆ ಕೊಡಲು ಹೊರಟರೆ ಡಿಶ್ಶಿಗೆ ತಲೆ ಕೆಡುತ್ತದೆ. ಹಾಗಾಗಿ ಕರೆಂಟು ಕಳಿಸುವ ಅಧಿಕಾರ ಒಂದೇ ಮನೆಗೆ. ಆ ಮನೆಯವರು ನಿಂತ ಚಾನೆಲ್ ಹಾಕಿದರೆ ಎಲ್ಲರಿಗೂ ನಿಂತವು, ಮಲಗಿದ್ದು ಹಾಕಿದರೆ ಎಲ್ಲರಿಗೂ ಮಲಗಿದವು. ಆ ಮನೆಯ ಬಾಕ್ಸು ಆರಿಸಿದರೆ ನಾಲ್ಕು ಮನೆಗೂ ಪರದೆ ಖಾಲಿ.

"ಅಂದ್ರೆ ಸುಶೀಲಮ್ಮೋರು ಟೀವಿ ಹಾಕ್ದಿದ್ರೆ ನಮಗೂ ಇಲ್ಲ ಅನ್ನಿ" ಎಂದರು ಬಸವಣ್ಣ.

"ಅಷ್ಟೇಯ. ಅಮ್ಮಾವ್ರನ್ನ ಚೆಂದಾಗ್ ಮಡಿಕ್ಕಳಿ" ಎಂದು ಮಾದಪ್ಪ ಮೊಪೆಡ್ ಹತ್ತಿಬಿಟ್ಟರು. ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಸತ್ತ ಮನೆಯಲ್ಲಿ ಊರವರ ಟೀವಿ ನಡೆಸುವ ಕರ್ಮ ನನಗೇಕೆ? ಅವರಿಗೆ ಹಿಡಿಶಾಪ ಹಾಕಿದೆ.

ಮಾರನೆಯ ದಿನ ಸಂಜೆ ಆರಕ್ಕೆ ಸರಿಯಾಗಿ ಬಾಗಿಲು ಬಡಿಯಿತು. "ಸುಶೀಲಕ್ಕಾ, ನಿಂತಿರೋದಕ್ಕೆ ಹಾಕ್ತೀರಾ? ನನ್ ಸೀರಿಯಲ್ ಶುರುವಾಯ್ತದೆ." ರತ್ನಮ್ಮ. ಹಾಕಿದೆ, ಬಾಗಿಲು ಮುಚ್ಚಿದೆ. ಅರ್ಧ ಗಂಟೆಗೆ ಬಸವಣ್ಣ. "ಅಮ್ಮಾ, ಮಲಗಿರೋದಕ್ಕೆ ಹಾಕಿ, ವಾರ್ತೆ ನೋಡ್ಬೇಕು." ಹಾಕಿದೆ. ಹಾಕಿದ್ದೇ ತಡ, ರತ್ನಮ್ಮನ ಮನೆಯಿಂದ, "ಅಯ್ಯಯ್ಯೋ, ಹೋಯ್ತು, ಹೋಯ್ತು!" ಎಂಬ ಕೂಗು. ಇಬ್ಬರೂ ನನ್ನ ಬಾಗಿಲಲ್ಲೇ ನಿಂತು ಕಿತ್ತಾಡಿದರು. ಮೂರನೇ ಮನೆಯ ಹೊಸ ಜೋಡಿಗೆ ಹಾಡಿನ ಚಾನೆಲ್ ಬೇಕಂತೆ, ಅದು ನಿಂತದ್ದೋ ಮಲಗಿದ್ದೋ ಅವರಿಗೇ ಗೊತ್ತಿಲ್ಲ. ಒಂದು ವಾರ ತಡೆದೆ. ಎಂಟನೆಯ ದಿನ ನನ್ನ ಹಳೆಯ ಎಕ್ಸ್‌ಚೇಂಜ್ ದನಿ ತಾನಾಗಿ ಹೊರಬಿತ್ತು. "ಸಾಲಾಗಿ ನಿಂತ್ಕೊಳ್ಳಿ! ಒಬ್ಬೊಬ್ಬರೇ ಹೇಳಿ! ಯಾರಿಗೆ, ಯಾವುದು, ಎಷ್ಟು ಹೊತ್ತಿಗೆ?" ಹಳೆಯ ಕ್ಯಾಲೆಂಡರಿನ ಐದು ಹಾಳೆ ಒಟ್ಟಿಗೆ ಕಿತ್ತು, ಹಿಂದಿನ ಖಾಲಿ ಬೆನ್ನಿನ ಮೇಲೆ ಟೈಂಟೇಬಲ್ ಬರೆದೆ. ಭಾನುವಾರ ಸಂಜೆ ನಾಲ್ಕು ಮನೆಯವರೂ ನನ್ನ ನಡುಮನೆಯಲ್ಲಿ ಸೇರಿ ಮುಂದಿನ ವಾರದ್ದನ್ನು ತೀರ್ಮಾನಿಸುವುದು ಎಂದಾಯಿತು. ವಿಧಾನಸಭೆಗೂ ಅಷ್ಟು ಗಲಾಟೆ ಇರಲಿಕ್ಕಿಲ್ಲ.

ಇದರಿಂದ ನಾನು ಸರಿಹೋದೆ ಎಂದುಕೊಳ್ಳಬೇಡಿ. ಪತ್ರ ಇನ್ನೂ ಟೀವಿಯ ಕೆಳಗೇ ಇತ್ತು. ನಮ್ಮ ಮದುವೆಯಾದ ದಿನ ಬಂತು. ಅವತ್ತು ಬೆಳಗಿನಿಂದ ಏನೂ ಬೇಡವಾಯಿತು. ನಾಳೆಯೇ ಪತ್ರ ಅಂಚೆಗೆ ಹಾಕಿ ಹೆಮ್ಮರಗಾಲದ ಬಸ್ಸು ಹತ್ತುವುದು ಎಂದು ಬಟ್ಟೆ ತುಂಬಿಟ್ಟೆ. ಬಾಕ್ಸಿನ ಸ್ವಿಚ್ಚು ಆರಿಸಿ, ಚಿಲಕ ಹಾಕಿ ಮಲಗಿದೆ. ಆರಾಯಿತು. ಮೂರು ಮನೆಯ ಟೀವಿಯೂ ಹೊತ್ತಲಿಲ್ಲ. ಬಾಗಿಲು ಬಡಿಯಿತು. "ಇವತ್ತು ಟೀವಿ ಇಲ್ಲ, ಹೋಗಿ!" ಎಂದು ಕಿರುಚಿದೆ. ಬಸವಣ್ಣನ ಹೆಜ್ಜೆ ಹಿಂದೆ ಹೋಯಿತು. ಇನ್ನೊಂದು ಜೊತೆ ಹೆಜ್ಜೆ ಹೋಗಲಿಲ್ಲ. ಬಹಳ ಹೊತ್ತಾದ ಮೇಲೆ ಬಾಗಿಲಿನ ಆಚೆಯಿಂದ ರತ್ನಮ್ಮನ ದನಿ ಬಂತು.

"ಸೀರಿಯಲ್ ಮನೆ ಹಾಳಾಗ್ಲಿ ಅಕ್ಕ. ಟೀವಿ ಬರ್ಲಿಲ್ಲ ಅಂದ್ರೆ ನಮಗೆ ನಿಮ್ದೇ ಚಿಂತೆ ಆಯ್ತದೆ ಈಗ. ನೀವು ಬಾಗ್ಲು ತೆಗೆಯೋಗಂಟ ನಾನು ಇಲ್ಲೇ ಕೂತಿರ್ತೀನಿ. ಅಕ್ಕಿರೊಟ್ಟಿ ತಂದಿದೀನಿ, ಆರೋಯ್ತದೆ."

ತೆಗೆದೆ. ಅವಳು ಮೆಟ್ಟಿಲ ಮೇಲೆ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಯಜಮಾನರು ಹೋದ ದಿನ ಕೂಡ ನಾನು ಹಾಗೆ ಅತ್ತಿರಲಿಲ್ಲ. ಅವಳ ಹೆಗಲಿಗೆ ತಲೆ ಇಟ್ಟು, ಬೀದಿಯವರು ನೋಡುತ್ತಾರೆಂಬ ಪರಿವೆಯೂ ಇಲ್ಲದೆ ಅತ್ತೆ. ಆಮೇಲೆ ಇಬ್ಬರೂ ತಣ್ಣಗಾದ ರೊಟ್ಟಿ ತಿಂದೆವು. ತುಂಬಿಟ್ಟ ಬಟ್ಟೆಯನ್ನು ಅವಳೇ ಮತ್ತೆ ಬೀರುವಿಗೆ ಜೋಡಿಸಿ ಹೋದಳು. ಪತ್ರವನ್ನು ಮರುದಿನ ಬೆಳಿಗ್ಗೆ ನೀರೊಲೆಗೆ ಹಾಕಿದೆ. ಸೋಮವಾರ ಕೆಲಸಕ್ಕೆ ಹೋದೆ.

ಮಾದಪ್ಪ ಎರಡು ಮೂರು ತಿಂಗಳಿಗೊಮ್ಮೆ, ಯಾರೂ ಕರೆಯದೆಯೇ, ಚೆಕಿಂಗ್ ಎಂದು ಬರುತ್ತಿದ್ದರು. ಡಿಶ್ಶನ್ನು ಒಂದು ನಿಮಿಷ ನೋಡಿದರೆ ನನ್ನನ್ನು ಹತ್ತು ನಿಮಿಷ ನೋಡುತ್ತಿದ್ದರು. ಕ್ಯಾಲೆಂಡರಿನ ಕಡೆಗೊಮ್ಮೆ ಕಣ್ಣು ಹಾಯಿಸಿ, ಕೇಬಲ್ಲಿಗೆ ನಾಲಿಗೆ ತಾಗಿಸಿ, "ಖಾರ ಚೆಂದಾಗದೆ" ಎನ್ನುತ್ತಿದ್ದರು. ಖಾರಕ್ಕೆ ಮಜ್ಜಿಗೆ ಬೇಕು ಎಂದು ಎರಡು ಲೋಟ ಕುಡಿಯುತ್ತಿದ್ದರು. ಒಮ್ಮೆ ನಾನು, "ಡ್ಯೂಟಿ ಇದ್ದಾಗ ಕಷ್ಟ ಆಗುತ್ತೆ, ಮೇನ್ ಬಾಕ್ಸ್ ರತ್ನಮ್ಮನ ಮನೆಗೆ ಹಾಕಿಕೊಡಿ" ಎಂದೆ. ತಲೆ ಕೆರೆದುಕೊಂಡರು.

"ಅಂಗಾಗಾಕಿಲ್ವಲ್ಲ. ಒಂದ್ ಕೆಲ್ಸ ಮಾಡಿ. ಬೀಗದ ಕೈ ಒಂದ ಆಯಮ್ಮಂಗ್ ಕೊಟ್ಬುಡಿ."

ಕೊಟ್ಟೆ. ಅಂದಿನಿಂದ ನಾನು ಡ್ಯೂಟಿ ಮುಗಿಸಿ ಬರುವ ಹೊತ್ತಿಗೆ ನಮ್ಮ ಮನೆಯ ದೀಪ ಹೊತ್ತಿರುತ್ತಿತ್ತು, ಒಲೆಯ ಮೇಲೆ ಕಾಫಿ ಇರುತ್ತಿತ್ತು.

ಹೀಗೆ ಏಳು ವರ್ಷ. ಆಮೇಲೆ ತಟ್ಟೆಯಷ್ಟು ಚಿಕ್ಕ ಡಿಶ್ಶುಗಳು ಬಂದವು. ಹಳೆಯ ಮಾಲೀಕರ ಮಗ ಅಷ್ಟೇನೂ ಜಿಗುಟಲ್ಲ, ಎಲ್ಲರೂ ತಮತಮಗೆ ಒಂದೊಂದು ಹಾಕಿಸಿಕೊಂಡರು. ದೊಡ್ಡ ಡಿಶ್ ಇಳಿಸಲು ಹೇಳಿ ಕಳಿಸಿದರೆ ಮಾದಪ್ಪ ಬರಲಿಲ್ಲ, ನಂಜಯ್ಯ ಒಬ್ಬರೇ ಬಂದರು.

"ಅಣ್ಣಂಗೆ ಲಕ್ವ ಒಡೆದು ಮೂರ್ ತಿಂಗ್ಳಾಯ್ತು ಕಣಮ್ಮ. ಬಲಗೈ ಬಿದ್ದೋಯ್ತು. ಮಾತು ತೊದಲ್ತದೆ ಅಂತ ಯಾರ್ ಕೂಡ್ಲೂ ಮಾತಾಡಾಕಿಲ್ಲ. ಗೋಡೆ ಕಡೀಕ್ ತಿರುಗಿ ಮಲಗವ್ನೆ."

ನಂಜಯ್ಯ ನನ್ನ ಮನೆಯ ಕೇಬಲ್ಲು ಸುತ್ತುತ್ತಾ, ಏನೋ ಒಂದು ಮಾತಾಡಬೇಕಲ್ಲ ಎಂದು ಮಾತಾಡಿದರು. "ಪಾಪ, ಈ ಮನೇಗೇ ಮೇನ್ ಕೊಡಾಕೆ ಅವತ್ತು ನಾವ್ ಪಟ್ಟ ಪಾಡು! ಡಿಶ್ ಇರೋದು ಮೊದಲ್ನೇ ಮನೆ ಮ್ಯಾಲೆ. ಇದು ಕೊನೇದು. ನಾಲ್ಕ್ ಮನೇಲಿ ಸಿಗ್ನಲ್ ತೀರಾ ಕಮ್ಮಿ ಇದ್ದದ್ದೇ ಇಲ್ಲಿ."

"ಏನಂದ್ರಿ?"

"ನಿಮಗ್ ಏಳಿರ್ಲಿಲ್ವಾ?" ನಂಜಯ್ಯ ನಾಲಿಗೆ ಕಚ್ಚಿಕೊಂಡರು. ಬಾಯಿ ಬಿಟ್ಟದ್ದು ಬಿಟ್ಟಾಗಿತ್ತು. "ಯಾವ್ ಮನೇಲಿ ಮಾತು ನಿಂತೋಗಿರ್ತದೋ ಅಲ್ಲೀಗೆ ಮೇನ್ ಮಡಗೋದು ನಮ್ಮಣ್ಣ. ಎಲ್ಲಾ ಊರ್ನಾಗೂ ಅಂಗೇಯ. ಜನ ಅಲ್ಲೀಗ್ ಓಗ್ಲೇಬೇಕಲ್ಲ ಆಗ."

ಅಲ್ಲ, ನನ್ನ ಬುದ್ಧಿಗೇನಾಗಿತ್ತು? ಲೈನು ಉದ್ದವಾದಷ್ಟೂ ದನಿ ಕುಗ್ಗುತ್ತದೆ ಎಂದು ಎಕ್ಸ್‌ಚೇಂಜಿನಲ್ಲಿ ಎಷ್ಟು ಸಲ ನೋಡಿಲ್ಲ ನಾನು? ಅದೂ ಹೋಗಲಿ. ನಾಲಿಗೆಗೆ ತಾಗುವುದು ಬಾಕ್ಸು ಕಳಿಸುವ ಕರೆಂಟು. ಆಕಾಶದಿಂದ ಬರುವ ಸಿಗ್ನಲ್ಲಿಗೆ ರುಚಿ ಎಲ್ಲಿಂದ ಬರಬೇಕು? ಅಕ್ಕಿ ಮುಟ್ಟಿ ನೋಡಿ ಸಾರಿನ ಉಪ್ಪು ಹೇಳಿದ್ದರು ಆ ಮಹಾನುಭಾವ, ನಾವು ನಾಲ್ಕು ಮನೆಯವರು ಏಳು ವರ್ಷ ತಲೆಯಾಡಿಸಿದ್ದೆವು.

ಭಾನುವಾರ ನರಸೀಪುರಕ್ಕೆ ಹೋದೆ. ಬಸ್ಸಿನುದ್ದಕ್ಕೂ ಬೈಗುಳ ಜೋಡಿಸಿಕೊಂಡೇ ಹೋದೆ. ಮಾದಪ್ಪ, ಅವರ ಅಣ್ಣ, ತಮ್ಮ ನಂಜಯ್ಯ, ಮೂವರದೂ ಒತ್ತಿಗೊತ್ತಿ ಮನೆ, ಮೇಲೆ ಒಂದೇ ದೊಡ್ಡ ಡಿಶ್. ಮಾದಪ್ಪನವರ ಹೆಂಡತಿ ಕೆಂಪಮ್ಮ ಒಳಗಿನ ಕೋಣೆಗೆ ಕರೆದುಕೊಂಡು ಹೋದರು. ಮಾದಪ್ಪ ಗೋಡೆಗೆ ಮುಖ ಮಾಡಿ ಮಲಗಿದ್ದರು. ಹಣೆಯಲ್ಲಿ ವಿಭೂತಿ ಇತ್ತು, ಯಾರೋ ಹಚ್ಚಿದ್ದು, ಸೊಟ್ಟಗಿತ್ತು. ಅದನ್ನು ನೋಡಿ ನನ್ನ ಬೈಗುಳವೆಲ್ಲ ಎಲ್ಲಿ ಹೋಯಿತೋ.

"ಮಾದಪ್ಪನೋರೇ, ನಮ್ಮನೇಲಿ ಸಿಗ್ನಲ್ ಎಷ್ಟಿತ್ತು? ನಿಜ ಹೇಳಿ."

ಅವರು ತಿರುಗಲಿಲ್ಲ. ಬೆನ್ನು ಮಾತ್ರ ಒಂದು ಸಲ ಅಲುಗಿತು.

ಹೊರಗೆ ಬಂದು ನಂಜಯ್ಯನವರನ್ನು ಕರೆದೆ. "ನಿಮ್ಮ ಮೂರು ಮನೆಗೂ ಒಂದೇ ಡಿಶ್ ಅಲ್ವಾ? ಮೇನ್ ಬಾಕ್ಸ್ ಎಲ್ಲಿದೆ?"

"ನಮ್ಮನೇಲಿ. ಯಾಕಮ್ಮ?"

"ತನ್ನಿ ಇಲ್ಲಿಗೆ. ಅಣ್ಣನ ಮಂಚದ ಪಕ್ಕಕ್ಕೆ."

"ಇಲ್ಲೀಗಾ? ಇಲ್ಲೀಗ್ ವೈರ್ ಎಳೆಯೋದು..." ಎಂದವರು ನನ್ನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದರು. ಕಣ್ಣು ಒರೆಸಿಕೊಂಡು ಏಣಿ ತರಲು ಹೋದರು.

ಮಧ್ಯಾಹ್ನ ಮೂರರ ಹೊತ್ತಿಗೆ ಟೀವಿ, ಬಾಕ್ಸು ಎರಡೂ ಮಂಚದ ಪಕ್ಕಕ್ಕೆ ಬಂದವು. ಅಣ್ಣನ ಮನೆಯವರು, ತಮ್ಮನ ಮನೆಯವರು, ಸೊಸೆಯರು, ಮೊಮ್ಮಕ್ಕಳು ಎಲ್ಲರೂ ಕೋಣೆಯ ಬಾಗಿಲಲ್ಲಿ ತುಂಬಿಕೊಂಡರು. ನಾನು ಕೇಬಲ್ಲಿನ ತುದಿ ಕೈಗೆ ತೆಗೆದುಕೊಂಡೆ. ಹಲ್ಲಿನಲ್ಲಿ ಸುಲಿಯಲು ಹೋಗಿ ಆಗದೆ ನಂಜಯ್ಯನವರ ಕೈಲಿ ಸುಲಿಸಿಕೊಂಡೆ. ಶ್ರೀಕಂಠೇಶ್ವರನನ್ನು ನೆನೆದು ನಾಲಿಗೆಗೆ ತಾಗಿಸಿದೆ. ಅಬ್ಬಬ್ಬಾ! ನೆತ್ತಿಯವರೆಗೆ ಚುರ್ರೆಂದಿತು, ಕಣ್ಣಲ್ಲಿ ನೀರು ಬಂತು. ಹುಳಿಯೋ ಖಾರವೋ ನನಗೇನು ಗೊತ್ತು.

"ಸಿಗ್ನಲ್ ಇಲ್ಲೇ ಗಟ್ಟಿ" ಎಂದೆ. "ಮೇನ್ ಬಾಕ್ಸ್ ಇಲ್ಲೇ ಇರಬೇಕು."

ಮಂಚ ಕಿರುಗುಟ್ಟಿತು. ಮಾದಪ್ಪ ಗೋಡೆಯಿಂದ ಈಚೆಗೆ ತಿರುಗುತ್ತಿದ್ದರು. ಕೆಂಪಮ್ಮ ಹಿಡಿಯಲು ಹೋದರೆ ಎಡಗೈಯಲ್ಲಿ ಬೇಡವೆಂದರು. ತಾವೇ ತಿರುಗಿ ನನ್ನನ್ನು ನೋಡಿದರು. ಅರ್ಧ ಬಾಯಿ ನಗುತ್ತಿತ್ತು, ಇನ್ನರ್ಧ ನಗಲಾರದೆ ನಿಂತಿತ್ತು.

"ಸುಳ್... ಸುಳ್ಳೇಳ್ತೀರಾ" ಎಂದರು.

ಮೂರು ತಿಂಗಳಲ್ಲಿ ಅವರು ಹೊರಗಿನವರೊಬ್ಬರೊಡನೆ ಆಡಿದ ಮೊದಲ ಮಾತು ಅದು ಎಂದು ಕೆಂಪಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನಾನು ಅವರ ಬಿದ್ದುಹೋದ ಬಲಗೈಯನ್ನು ಹಿಡಿದುಕೊಂಡು, "ನಾಲ್ಗೆ ಸುಳ್ಳು ಹೇಳುತ್ತಾ ಮಾದಪ್ಪನೋರೇ?" ಎಂದೆ.

ನಾನು ಅವರನ್ನು ನೋಡಿದ್ದು ಅದೇ ಕೊನೆ. ಇನ್ನೆರಡು ವರ್ಷ ಇದ್ದರು. ಕೆಂಪಮ್ಮ ಆಗಾಗ ಫೋನು ಮಾಡುತ್ತಿದ್ದರು. ಸಂಜೆಯಾದರೆ ಆ ಕೋಣೆಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲವಂತೆ. "ತಾತಾ ನಿಂತಿರೋದ್ ಹಾಕು", "ಬ್ಯಾಡ ಮಾವ, ಮಲಗಿರೋದ್ ಹಾಕಿ" ಎಂದು ಮೂರು ಮನೆಯವರೂ ಅಲ್ಲೇ ಜಗಳ. ಎಡಗೈಯಲ್ಲಿ ರಿಮೋಟ್ ಹಿಡಿದು, ತೊದಲುತ್ತಲೇ ಎಲ್ಲರನ್ನೂ ಗದರಿಸುತ್ತಿದ್ದರಂತೆ. ಅವರು ಹೋದ ಸುದ್ದಿ ಬಂದ ದಿನ ರತ್ನಮ್ಮನೂ ನಾನೂ ಒಟ್ಟಿಗೆ ಹೋಗಿ ಬಂದೆವು. ಮಂಚ ಖಾಲಿಯಿತ್ತು. ಬಾಕ್ಸು ಅಲ್ಲೇ ಇತ್ತು, ಅದನ್ನು ಕದಲಿಸಲು ಯಾರಿಗೂ ಮನಸ್ಸಿರಲಿಲ್ಲ.

ನಮ್ಮ ಸಾಲಿನಲ್ಲಿ ಈಗ ನನ್ನ ಟೀವಿ ನನಗೆ, ರತ್ನಮ್ಮನ ಟೀವಿ ಅವಳಿಗೆ. ಯಾರೂ ಯಾರನ್ನೂ ಕೇಳಬೇಕಾದ್ದಿಲ್ಲ. ಆದರೂ ಸಂಜೆ ಆರಕ್ಕೆ ಮುಂಚೆ ನಾನು ಬಾಗಿಲ ಚಿಲಕ ತೆಗೆದಿಡುತ್ತೇನೆ. ಆರಕ್ಕೆ ಸರಿಯಾಗಿ ರತ್ನಮ್ಮ ಬರುತ್ತಾಳೆ. ಕಾಫಿ ಕುಡಿದು, ಅವಳ ಸೀರಿಯಲ್ಲನ್ನು ನನ್ನ ಟೀವಿಯಲ್ಲೇ ನೋಡಿ ಹೋಗುತ್ತಾಳೆ. ನಿಮ್ಮ ಮನೆಯಲ್ಲೂ ಬರುತ್ತಲ್ಲ ಎಂದು ಕೇಳಿದರೆ, "ಇಲ್ಲೇ ಚೆನ್ನಾಗಿ ಬರ್ತದೆ ಕಣಕ್ಕಾ" ಎನ್ನುತ್ತಾಳೆ.